ಹೆಬ್ಬೆಟ್ಟು ಕಂಡಿತು, ಹಸಿದ ಹೊಟ್ಟೆ ಕಾಣಲಿಲ್ಲವೇ?

ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಡವರಿಗೆ ಕೊನೆಯ ಬಾಗಿಲು. 2025ರ ಮಾರ್ಚ್ ತಿಂಗಳಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಆ ಸಂಸ್ಥೆಯ ಒಂದು ಲೆಕ್ಕ ಹೇಳಿದರು. ಮಕ್ಕಳು ಕರೆತಂದು ಸೇರಿಸಿ, ತಿರುಗಿ ನೋಡದೆ ಹೋದ ಮುದುಕ ಮುದುಕಿಯರ ಪ್ರಕರಣಗಳು ಅದೊಂದೇ ಕಡೆ 150ಕ್ಕೂ ಹೆಚ್ಚು! ಆಸ್ತಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆ ಮಕ್ಕಳು ಹೀಗೆ ಬಿಟ್ಟುಹೋಗುತ್ತಿದ್ದಾರೆ ಎಂಬ ಮಾತೂ ಅದರ ಜೊತೆಗೇ ಹೊರಬಂದಿತು. ಇಂಥವರ ಬಗ್ಗೆ ಆಸ್ಪತ್ರೆಯ ಮುಖ್ಯಸ್ಥರು ಉಪವಿಭಾಗಾಧಿಕಾರಿಗೆ ದೂರು ಕೊಡಬೇಕು, ಮಕ್ಕಳಿಗೆ ಬರೆದುಕೊಟ್ಟ ಆಸ್ತಿಪತ್ರಗಳನ್ನೂ ಮೃತ್ಯುಪತ್ರಗಳನ್ನೂ ರದ್ದು ಮಾಡಿಸಬೇಕು ಎಂದು ಸಚಿವರು ಸೂಚನೆ ಕೊಟ್ಟರು.

ಸೂಚನೆ ಒಳ್ಳೆಯದೇ. ಆದರೆ ನಾವು ಕೇಳುತ್ತೇವೆ: ಆಸ್ಪತ್ರೆಯ ಡಾಕ್ಟರು ಆ ಮುದುಕಿಯನ್ನು ಕಂಡದ್ದು ಎಲ್ಲ ಮುಗಿದ ಮೇಲೆ. ಅವರಿಗಿಂತ ಮೊದಲು ಕಂಡವರು ಯಾರೂ ಇಲ್ಲವೇ? ಹೊಲ ಮಗನ ಹೆಸರಿಗೆ ಹಾರಿ ಹೋದದ್ದು ಗಾಳಿಯಲ್ಲೇ? ಬರೆದವನೊಬ್ಬ ಇದ್ದ. ಬರೆಸಿದವನೊಬ್ಬ ಇದ್ದ. ಸಾಕ್ಷಿ ಹಾಕಿದವರು ಇಬ್ಬರಿದ್ದರು. ಫೋಟೋ ತೆಗೆದು, ಬೆರಳೊತ್ತಿಸಿ, ಮೊಹರು ಹಾಕಿದ ಅಧಿಕಾರಿ ಇದ್ದ. ಇಷ್ಟು ಜನರ ಹತ್ತು ಕಣ್ಣುಗಳ ಮುಂದೆ ನಡೆದ ಕೆಲಸ ಇದು. ದೂರು ಕೊಡುವ ಹೊಣೆ ಡಾಕ್ಟರನಿಗೆ ಮಾತ್ರ ಏಕೆ? ಜಮೀನಿನ ವ್ಯವಹಾರದಲ್ಲಿ ಹೊಟ್ಟೆ ಹೊರೆಯುವ ದಲ್ಲಾಳಿಗೆ, ಬಾಂಡ್ ಬರೆಯುವವನಿಗೆ, ನೋಂದಣಿ ಮಾಡುವವನಿಗೆ ಏಕಿಲ್ಲ?

ದಲ್ಲಾಳಿ ಏನೇನು ಕಾಣುತ್ತಾನೆ ಎಂಬುದು ನಮ್ಮ ವಾಚಕರಿಗೆ ಗೊತ್ತಿಲ್ಲದ್ದಲ್ಲ. ಮನೆ ಅಳೆಯಲು ಬಂದವನು ಪಡಸಾಲೆಯಿಂದ ಹಿತ್ತಲವರೆಗೆ ಟೇಪು ಹಿಡಿದು ನಡೆಯುತ್ತಾನೆ. ಹಿರಿಯಳ ಹೊರಸು ಪಡಸಾಲೆಯಿಂದ ಎಮ್ಮೆ ಕಟ್ಟುವ ಜಾಗಕ್ಕೆ ಹೋದದ್ದನ್ನು ಅವನ ಕಣ್ಣು ಕಾಣದೆ ಇರುವುದಿಲ್ಲ. ಯಾವ ಮಗನಿಗೆ ಎಷ್ಟು ಸಾಲವಿದೆ, ಯಾವ ಮಗಳ ಸಹಿ ಬಾಕಿಯಿದೆ, ಅಜ್ಜನ ಕಿವಿ ಎಷ್ಟು ಮಂದ, ಇವೆಲ್ಲ ಅವನಿಗೆ ಅಂಗೈ ರೇಖೆಯಷ್ಟು ಪರಿಚಿತ. ಅದನ್ನು ತಿಳಿದುಕೊಳ್ಳುವುದೇ ಅವನ ದಂಧೆ. ನೂರಕ್ಕೆ ಒಂದೋ ಎರಡೋ ಕಮಿಶನ್ನು ಸಿಗುವುದು ಆ ತಿಳಿವಳಿಕೆಗೇ. ಉತಾರದಲ್ಲಿ ಒಂದು ಗುಂಟೆ ಹೆಚ್ಚುಕಡಿಮೆಯಾದರೆ ಕಾಣುವ ಕಣ್ಣಿಗೆ ಮೂರು ದಿನದಿಂದ ಊಟವಿಲ್ಲದ ಮುಖ ಕಾಣುವುದಿಲ್ಲವೆಂದರೆ ಯಾರು ನಂಬಬೇಕು?

ಬಾಂಡ್ ಬರೆಯುವವನ ಮಾತು ಇನ್ನೂ ವಿಚಿತ್ರ. 'ನಾನು ರಾಜೀಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಬುದ್ಧಿ ಸ್ವಾಧೀನದಲ್ಲಿದ್ದು, ಪ್ರೀತಿ ವಿಶ್ವಾಸಗಳಿಂದ ಬರೆದುಕೊಟ್ಟ ಬಕ್ಷೀಸ ಪತ್ರ' ಎಂಬ ಸಾಲು, ಅಜ್ಜ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಅವನ ಕಂಪ್ಯೂಟರಿನಲ್ಲಿ ಕುಳಿತಿರುತ್ತದೆ! ಹೆಸರು, ಸರ್ವೆ ನಂಬರು ಬದಲಿಸಿದರೆ ಮುಗಿಯಿತು. ರಾಜಿ ಯಾರದು, ಖುಷಿ ಯಾರದು ಎಂದು ಕೇಳುವವರಿಲ್ಲ.

ಇನ್ನು ನೋಂದಣಿ ಅಧಿಕಾರಿ. 1908ರ ನೋಂದಣಿ ಕಾಯದೆಯ ಪ್ರಕಾರ ಅವನು ಬರೆದುಕೊಟ್ಟವನ ಗುರುತು ಖಚಿತಪಡಿಸಿಕೊಳ್ಳಬೇಕು. ಬರೆದುಕೊಟ್ಟವನು ಹುಚ್ಚನಂತೆ ಕಂಡರೆ ನೋಂದಣಿ ನಿರಾಕರಿಸಬೇಕು. ಹಾಸಿಗೆ ಹಿಡಿದವರು ಕಚೇರಿಗೆ ಬರಲಾಗದಿದ್ದರೆ ಅವರ ಮನೆಗೇ ಹೋಗಿ ವಿಚಾರಿಸುವ ಅನುಕೂಲವನ್ನು ಅದೇ ಕಾಯದೆಯ 38ನೆಯ ಕಲಮು ಕೊಟ್ಟಿದೆ. ಅಂದರೆ ಸರಕಾರದ ನೌಕರನೇ ಆ ಹೊರಸಿನ ಪಕ್ಕ ಹೋಗಿ ನಿಲ್ಲುತ್ತಾನೆ. ಅಲ್ಲಿಯ ನಾತ ಅವನ ಮೂಗಿಗೂ ಬಡಿಯುತ್ತದೆ. ಆದರೆ ಕಾಗದದಲ್ಲಿ ಅವನು ಬರೆದುಕೊಳ್ಳುವುದು ಗುರುತು ಸರಿಯಿದೆ, ಬರೆದುಕೊಟ್ಟದ್ದನ್ನು ಒಪ್ಪಿದ್ದಾರೆ ಎಂಬಷ್ಟನ್ನೇ. ಕಾಯದೆಗೆ ಹೆಬ್ಬೆಟ್ಟು ಬೇಕು. ಬೆರಳಿನ ಹಿಂದಿನ ಮನುಷ್ಯ ಬೇಡ.

ಬೇರೆಯವರತ್ತ ಬೆರಳು ತೋರಿಸುವ ಮೊದಲು ನಮ್ಮ ಪಾಪವನ್ನೂ ಹೇಳಿಬಿಡುತ್ತೇವೆ. ಸಾಲಿ ಕಲಿಸುತ್ತಿದ್ದ ದಿನಗಳಲ್ಲಿ ನಾವೂ ಸಾಕ್ಷಿ ಹಾಕಿದ್ದೇವೆ. ಮಾಸ್ತರರ ಸಹಿಗೆ ಊರಿನಲ್ಲಿ ಬೆಲೆಯಿದೆಯೆಂದು ಕರೆಯುತ್ತಾರೆ, ಚಹಾ ಕುಡಿಸುತ್ತಾರೆ, ಸಹಿ ಮಾಡಿ ಬರುತ್ತೇವೆ. ಒಮ್ಮೆ ಒಬ್ಬ ಅಜ್ಜ ತನ್ನ ನಾಲ್ಕು ಎಕರೆ ಹೊಲವನ್ನು ಮಗನಿಗೆ ಬಕ್ಷೀಸು ಬರೆದುಕೊಡುವವನಿದ್ದ. ಆ ಹೊಲ ಅವನಿಗೆ ಅಪ್ಪ ಕೊಟ್ಟದ್ದಲ್ಲ. ಗೇಣಿದಾರನಾಗಿದ್ದವನು 1974ರ ಭೂಸುಧಾರಣೆಯ ಕಾಯದೆ ಬಂದಾಗ 7ನೆಯ ನಮೂನೆಯ ಅರ್ಜಿ ಹಾಕಿ, ನ್ಯಾಯಮಂಡಳಿಗೆ ಅಲೆದು ಪಡೆದದ್ದು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ನಮ್ಮ ಅಂಗಿ ಜಗ್ಗಿ ಕೇಳಿದ: 'ಮಾಸ್ತರ, ಇದರಾಗ ನನ್ನ ಊಟದ ಮಾತು ಬರದಾರೇನ್ರಿ?'

ನಾವು ನಕ್ಕೆವು. 'ಹೊಟ್ಟ್ಯಾಗ ಹುಟ್ಟಿದ ಮಗ, ಅದನ್ನೂ ಬರಸಬೇಕೇನ ಅಜ್ಜಾ?' ಎಂದೆವು. ಸುತ್ತ ನಿಂತವರೂ ನಕ್ಕರು. ಅಜ್ಜ ಸುಮ್ಮನಾದ. ಹೆಬ್ಬೆಟ್ಟು ಒತ್ತಿದ. ನಾವು ಸಹಿ ಹಾಕಿದೆವು.

ವರ್ಷ ತುಂಬುವುದರೊಳಗೆ ಮಗ ಆ ಹೊಲವನ್ನು ಪ್ಲಾಟು ಹಾಕುವವರಿಗೆ ಖರೇದಿ ಕೊಟ್ಟ. ಬಕ್ಷೀಸು ಮಾಡಿಸಿದ ದಲ್ಲಾಳಿಯೇ ಖರೇದಿಯನ್ನೂ ಮಾಡಿಸಿದ. ಅಜ್ಜ ಗುಡಿಯ ಕಟ್ಟೆಯಲ್ಲಿ ಮಲಗುತ್ತಿದ್ದ. ಕೊಟ್ಟವರ ಮನೆಯಲ್ಲಿ ಉಣ್ಣುತ್ತಿದ್ದ. ಪಿಂಚಣಿಯ ಪಾಸಬುಕ್ಕು ಮಗನ ಹತ್ತಿರವೇ ಇತ್ತು. ಎದುರಾದಾಗ ನಮ್ಮನ್ನು ಏನೂ ಅನ್ನಲಿಲ್ಲ. ಎರಡನೆಯ ಮಳೆಗಾಲದಲ್ಲಿ ತೀರಿಕೊಂಡ. ಅವನ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂಬುದು ಕಾಯದೆಯ ಪುಸ್ತಕ ಓದಿದ ಮೇಲೆ ನಮಗೆ ತಿಳಿಯಿತು.

ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯದೆ 2007ರದು. 60 ವರ್ಷ ತುಂಬಿದವರೆಲ್ಲ ಅದರಲ್ಲಿ ಬರುತ್ತಾರೆ. ಅದರ 23ನೆಯ ಕಲಮು ಹೀಗೆ ಹೇಳುತ್ತದೆ: ತನಗೆ ಮೂಲ ಸೌಕರ್ಯಗಳನ್ನೂ ದೇಹದ ಅಗತ್ಯಗಳನ್ನೂ ಒದಗಿಸಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವನು ಅದನ್ನು ಒದಗಿಸದಿದ್ದರೆ, ಆ ವರ್ಗಾವಣೆ ಮೋಸದಿಂದ ಅಥವಾ ಬಲಾತ್ಕಾರದಿಂದ ಆದದ್ದೆಂದು ಎಣಿಸಿ ನ್ಯಾಯಮಂಡಳಿ ಅದನ್ನು ರದ್ದುಮಾಡಬಹುದು. ಷರತ್ತಿನ ಮೇಲೆ! ಆ ಷರತ್ತು ಇದ್ದದ್ದನ್ನು ತೋರಿಸದಿದ್ದರೆ ಈ ಕಲಮು ಅನ್ವಯಿಸದೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿಯ ದಾನಪತ್ರವನ್ನು ರದ್ದುಮಾಡಿ ಆಸ್ತಿಯನ್ನು ಅವಳಿಗೆ ಮರಳಿಸಿತು. ಹಿರಿಯರಿಗೆ ಅನುಕೂಲವಾಗುವಂತೆ ಈ ಕಾಯದೆಯನ್ನು ಉದಾರವಾಗಿ ಅರ್ಥಮಾಡಬೇಕೆಂದಿತು. ಆ ತಾಯಿಯ ಕೈಯಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಕಾಗದವಿತ್ತು. ನಮ್ಮ ಅಜ್ಜನ ಕೈಯಲ್ಲಿ ಏನಿತ್ತು? ನಮ್ಮ ನಗೆ ಇತ್ತು.

ಒಂದೇ ಒಂದು ಸಾಲು, ವಾಚಕರೇ! 'ಬರೆದುಕೊಟ್ಟವರಿಗೆ ಅವರು ಬದುಕಿರುವ ತನಕ ಊಟ, ಬಟ್ಟೆ, ವಸತಿ, ಔಷಧೋಪಚಾರ ಕೊಡತಕ್ಕದ್ದು. ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು' ಎಂದು ಬರೆಯಲು ಬಾಂಡ್ ಬರೆಯುವವನಿಗೆ ಎರಡು ನಿಮಿಷ ಸಾಕು. ಏಕೆ ಬರೆಯುವುದಿಲ್ಲ? ಏಕೆಂದರೆ ಅಂಥ ಸಾಲಿರುವ ಹೊಲವನ್ನು ಮುಂದೆ ಕೊಳ್ಳುವವನು ಹಿಂದೆಮುಂದೆ ನೋಡುತ್ತಾನೆ. ಮುದುಕನ ಊಟದ ಮಾತು ಬರೆದರೆ ಪ್ಲಾಟಿನ ಬೆಲೆ ಇಳಿಯುತ್ತದೆ. ಗುಟ್ಟು ಇರುವುದು ಇಲ್ಲಿ. ಇದು ಮರೆವಿನ ಮಾತಲ್ಲ, ಲಾಭದ ಲೆಕ್ಕ.

ಈ ಲಾಭಕ್ಕೆ ಸರಕಾರವೇ ಬಾಗಿಲು ತೆರೆದಿದೆ. ಕೃಷಿಕನಲ್ಲದವನು ಹೊಲ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು ಭೂಸುಧಾರಣೆಯ ಕಾಯದೆಯಿಂದ 2020ರಲ್ಲಿ ಕಿತ್ತುಹಾಕಿದರು. ಉಳುವವನಿಗೆ ಹೊಲ ಕೊಡಿಸಿದ ಕಾಯದೆಯೇ ಉಳದವನಿಗೆ ಹಾದಿಯಾಯಿತು. ಇತ್ತ ಕಿತ್ತೂರಿನ ಹೆದ್ದಾರಿ. ಅದರ ಮೇಲೆ ಧಾರವಾಡ–ಕಿತ್ತೂರು–ಬೆಳಗಾವಿ ರೈಲು ಮಾರ್ಗದ ಭೂಸ್ವಾಧೀನದ ಮಾತು. ಅತ್ತ ಮಲಪ್ರಭೆಯ ನೀರು ಕಂಡ ಸವದತ್ತಿಯ ಎರೆಭೂಮಿ. ಹೊಲದ ಬೆಲೆ ಏರಿದಷ್ಟೂ ಹೊಲದೊಡೆಯನಾದ ಮುದುಕನ ಬೆಲೆ ಇಳಿಯುತ್ತ ಬಂದಿದೆ. ಸ್ಥಿರಾಸ್ತಿ ವ್ಯವಹಾರಕ್ಕೆಂದು 2016ರಲ್ಲಿ ಮಾಡಿದ ಕಾಯದೆಯಲ್ಲಿ ಏಜೆಂಟರ ಕರ್ತವ್ಯಗಳನ್ನು ಪಟ್ಟಿ ಮಾಡಿದ್ದಾರೆ. ಅಲ್ಲಿ ಕೊಳ್ಳುವವನ ರಕ್ಷಣೆಯಿದೆ, ಲೆಕ್ಕಪತ್ರದ ಮಾತಿದೆ. ಮಾರುವ ಮನೆಯೊಳಗಿನ ಮುದುಕಿಯ ಮಾತಿಲ್ಲ. ಅದೂ ನೋಂದಾಯಿತ ಯೋಜನೆಗಳನ್ನು ಮಾರುವ ಏಜೆಂಟರಿಗೆ. ಚಹಾದಂಗಡಿಯ ಬಾಕಿನ ಮೇಲೆ ಕುಳಿತು ಹೊಲ ಕುದುರಿಸುವ ನಮ್ಮ ದಲ್ಲಾಳಿಗೆ ಯಾವ ಕಾಯದೆಯೂ ಇಲ್ಲ.

'ಇದು ಮನೆಯೊಳಗಿನ ಮಾತು, ಹೊರಗಿನವರು ಬಾಯಿ ಹಾಕಬಾರದು' ಎನ್ನುವವರಿದ್ದಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನೂ ಒಂದು ಕಾಲಕ್ಕೆ ಮನೆಯೊಳಗಿನ ಮಾತೆಂದೇ ಮುಚ್ಚುತ್ತಿದ್ದರು. 2012ರ ಕಾಯದೆ ಬಂದ ಮೇಲೆ, ತಿಳಿದೂ ತಿಳಿಸದವನಿಗೆ 6 ತಿಂಗಳವರೆಗೆ ಸೆರೆಯಾಗಬಹುದು. ಅಮೆರಿಕದ ಟೆಕ್ಸಾಸ್, ಫ್ಲಾರಿಡಾ ಸಂಸ್ಥಾನಗಳಲ್ಲಿ ಅಶಕ್ತರಾದ ವೃದ್ಧರನ್ನು ಅಲಕ್ಷಿಸುವುದು, ಸುಲಿಯುವುದು ನಡೆದಿದೆಯೆಂಬ ಸಂಶಯಕ್ಕೆ ಕಾರಣವಿದ್ದರೆ ಸರಕಾರಕ್ಕೆ ತಿಳಿಸುವುದು ಪ್ರತಿಯೊಬ್ಬನ ಕರ್ತವ್ಯ. ಮನೆ ಮಾರಿಸುವ ದಲ್ಲಾಳಿಯೂ ಅದರಲ್ಲಿ ಬಂದ. ಹಣವೇ ದೇವರೆಂದು ನಂಬಿದ ನಾಡಿನಲ್ಲಿ ಸಾಧ್ಯವಾದದ್ದು, ತಾಯಿಯೇ ದೇವರೆಂದು ಗೋಡೆಗೋಡೆಗೆ ಬರೆಯುವ ನಾಡಿನಲ್ಲಿ ಆಗುವುದಿಲ್ಲವೇ? ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ದಿನ ಚೆನ್ನಮ್ಮನ ಪ್ರತಿಮೆಗೆ ಮಾಲೆ ಹಾಕುತ್ತೇವೆ. ಬೈಲಹೊಂಗಲದ ಅವಳ ಸಮಾಧಿಗೆ ಕೈ ಮುಗಿಯುತ್ತೇವೆ. ಅವಳ 1824ರ ಹೋರಾಟವೂ ವಾರಸಿನ ಹಕ್ಕಿಗಾಗಿಯೇ ಎದ್ದದ್ದು. ಮಾಲೆ ಹಾಕಿ ಮನೆಗೆ ಬಂದವನ ಹಿತ್ತಲಿನಲ್ಲಿ ಹಸಿದ ತಾಯಿಯಿದ್ದರೆ ಆ ಮಾಲೆಗೆ ಏನು ಅರ್ಥ?

ಎರಡನೆಯ ಆಕ್ಷೇಪಣೆ ನಮ್ಮ ಗಿರಣಿ ಕಾಮಗಾರ ಬಂಧುಗಳದು, ಅದನ್ನು ತಳ್ಳಿಹಾಕಲಾರೆವು. 'ಪಗಾರ ಬಂದರೆ ಬಾಡಿಗೆಗೆ ಸಾಲುವುದಿಲ್ಲ. ಎರಡು ಪಾಳಿ ದುಡಿಯುವವನು ಹಾಸಿಗೆ ಹಿಡಿದ ತಾಯಿಯನ್ನು ಯಾವಾಗ ನೋಡಬೇಕು? ನಮ್ಮನ್ನೂ ಕಳ್ಳರ ಸಾಲಿಗೆ ಸೇರಿಸುತ್ತೀರಾ?' ಎಂದು ಅವರು ಕೇಳುತ್ತಾರೆ. ಇಲ್ಲ. ಇಲ್ಲದ್ದಕ್ಕೆ ಕೊಡಲಾರದವನು ಬೇರೆ, ಬರೆಸಿಕೊಂಡು ಕೊಡದವನು ಬೇರೆ. ಅರ್ಧ ರೊಟ್ಟಿಯಲ್ಲಿ ಅರ್ಧ ಕೊಡುವ ಮಗನ ಮೇಲೆ ದೂರು ಬೇಡ; ಅವನಿಗಾಗಿ ಸರಕಾರದ ಮೇಲೆ ದೂರು ಬೇಕು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಎಂದು ತಿಂಗಳಿಗೆ 1,200 ರೂಪಾಯಿ ಕೊಡುತ್ತಾರೆ, ದಿನಕ್ಕೆ 40 ರೂಪಾಯಿ! 2007ರ ಕಾಯದೆಯ 19ನೆಯ ಕಲಮಿನಲ್ಲಿ ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯವಾಗುವ ವೃದ್ಧಾಶ್ರಮಗಳಿಂದ ಮೊದಲುಮಾಡಿ ಸರಕಾರ 'ಸ್ಥಾಪಿಸಬಹುದು' ಎಂದಿದೆ. 'ಸ್ಥಾಪಿಸತಕ್ಕದ್ದು' ಎಂದಿಲ್ಲ! ಬೆಳಗಾವಿಯ ಒಂದೇ ಆಸ್ಪತ್ರೆಯ ಲೆಕ್ಕವೇ 150ನ್ನು ದಾಟಿದೆ ಎಂಬುದನ್ನು ಮಂತ್ರಿಗಳು ಇದರ ಪಕ್ಕಕ್ಕೆ ಇಟ್ಟು ನೋಡಲಿ. ಮಕ್ಕಳಿಂದ ಕೊಡಿಸಬಹುದಾದ ಪೋಷಣೆಗೂ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದ್ದಾರೆ. ಅದನ್ನು ತೆಗೆಯುವ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾಗುವ ತನಕವೂ ಅದು ಕಾಯದೆಯಾಗಲಿಲ್ಲ.

ಮೂರನೆಯ ಆಕ್ಷೇಪಣೆ ವ್ಯಾಪಾರಸ್ಥರದು. 'ದೂರು ಕೊಡುವ ಅಧಿಕಾರ ದಲ್ಲಾಳಿಯ ಕೈಗೆ ಕೊಟ್ಟರೆ ಅದನ್ನೇ ಇನ್ನೊಂದು ಅಂಗಡಿ ಮಾಡಿಕೊಳ್ಳುತ್ತಾನೆ. ಹಣ ಕೊಡು, ಇಲ್ಲವಾದರೆ ಬರೆಯುತ್ತೇನೆ ಎಂದು ಹೆದರಿಸುತ್ತಾನೆ.' ಈ ಭಯ ಸುಳ್ಳಲ್ಲ. ಆದುದರಿಂದಲೇ ವರದಿ ಹೋಗಬೇಕಾದದ್ದು ಪೋಲೀಸ ಠಾಣೆಗಲ್ಲ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಬಾಯಿಮಾತಿನಲ್ಲಲ್ಲ, ಬರಹದಲ್ಲಿ, ಪಾವತಿ ಪಡೆದು. ಅಲ್ಲಿ ಮೊದಲು ಸಂಧಾನ ಅಧಿಕಾರಿಯ ಮುಂದೆ ಎರಡೂ ಕಡೆಯವರನ್ನು ಕೂಡಿಸಿ ಮಾತನಾಡಿಸುವ ಏರ್ಪಾಡು ಕಾಯದೆಯಲ್ಲೇ ಇದೆ. ಹಿರಿಯರು ಅಶಕ್ತರಾಗಿದ್ದರೆ ಅವರು ಒಪ್ಪಿಕೊಟ್ಟ ಬೇರೆಯವರು ಅಥವಾ ಸಂಸ್ಥೆ ಅರ್ಜಿ ಹಾಕಬಹುದು. ಯಾರೂ ಹಾಕದಿದ್ದರೂ ನ್ಯಾಯಮಂಡಳಿ ತಾನಾಗಿಯೇ ವಿಚಾರಣೆ ಎತ್ತಿಕೊಳ್ಳಬಹುದು. ಆದರೆ ಎತ್ತಿಕೊಳ್ಳಲು ಅದಕ್ಕೆ ಸುದ್ದಿ ಬೇಕಲ್ಲ! ರಾಮದುರ್ಗದ ಆಚೆಯ ಹಳ್ಳಿಯಿಂದ, ಕಣ್ಣು ಕಾಣದ ಮುದುಕಿಯೊಬ್ಬಳು ಬಸ್ಸು ಬದಲಿಸಿ ಬೈಲಹೊಂಗಲದ ಕಚೇರಿಗೆ ತಾನೇ ಬಂದು ಅರ್ಜಿ ಕೊಡಲಿ ಎಂದು ಕಾಯುವುದು ನ್ಯಾಯವಲ್ಲ, ಕುಚೋದ್ಯ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ.

ಒಂದನೆಯದು: 60 ದಾಟಿದವರು ಮಕ್ಕಳಿಗೆ, ಸಂಬಂಧಿಕರಿಗೆ ಬರೆದುಕೊಡುವ ಪ್ರತಿಯೊಂದು ಬಕ್ಷೀಸ ಪತ್ರ, ಹಕ್ಕುಬಿಡುಗಡೆ ಪತ್ರಗಳಲ್ಲಿ ಪೋಷಣೆಯ ಷರತ್ತು ಇರಲೇಬೇಕು, ಬೇಡವೆಂದರೆ ಆ ಮಾತನ್ನು ಹಿರಿಯರೇ ಮಕ್ಕಳನ್ನು ಹೊರಗೆ ಕಳಿಸಿ ನೋಂದಣಿ ಅಧಿಕಾರಿಯ ಮುಂದೆ ಹೇಳಬೇಕು.

ಎರಡನೆಯದು: ಜಮೀನಿನ ದಲ್ಲಾಳಿ, ಬಾಂಡ್ ಬರೆಯುವವನು, ನೋಂದಣಿ ಅಧಿಕಾರಿ, ಈ ಮೂವರಿಗೂ ಹಿರಿಯರ ಅಲಕ್ಷ್ಯದ ಸಂಶಯ ಬಂದರೆ ನ್ಯಾಯಮಂಡಳಿಗೆ ತಿಳಿಸುವ ಹೊಣೆಯನ್ನು ಕಾಯದೆಯಲ್ಲೇ ಹೊರಿಸಬೇಕು. ಒಳ್ಳೆಯ ನಂಬಿಕೆಯಿಂದ ತಿಳಿಸಿದವನಿಗೆ ರಕ್ಷಣೆ ಬೇಕು. ತಿಳಿದೂ ಮುಚ್ಚಿಟ್ಟು ಕಮಿಶನ್ ತಿಂದವನಿಗೆ ದಂಡ ಬೇಕು.

ಮೂರನೆಯದು: ಉಪವಿಭಾಗಾಧಿಕಾರಿಗಳು ತಿಂಗಳಿಗೊಮ್ಮೆಯಾದರೂ ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಬಂದು ಅಲ್ಲಿಯೇ ಈ ಅರ್ಜಿಗಳ ವಿಚಾರಣೆ ನಡೆಸಬೇಕು.

ಕಾಯದೆ ಬರುವ ತನಕ ಕೈಕಟ್ಟಿ ಕುಳಿತಿರಬೇಕೆಂದಿಲ್ಲ. ಹಿರಿಯರಿಗೆ ನಮ್ಮ ಮೊದಲ ಮಾತು: ಬದುಕಿರುವಾಗಲೇ ಬಕ್ಷೀಸು ಬರೆಯುವ ಅವಸರ ಬೇಡ. ಮಕ್ಕಳಿಗೆ ಕೊಡಬೇಕೆಂದಿದ್ದರೆ ಮೃತ್ಯುಪತ್ರ ಬರೆಯಿರಿ. ಅದು ನಿಮ್ಮ ಕಾಲಾನಂತರ ಜಾರಿಗೆ ಬರುವಂಥದು. ಬುದ್ಧಿ ಸ್ವಾಧೀನದಲ್ಲಿರುವ ತನಕ ನೀವೇ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅದಕ್ಕೆ ಮಂತ್ರಿಯೂ ಬೇಕಿಲ್ಲ, ನ್ಯಾಯಮಂಡಳಿಯೂ ಬೇಕಿಲ್ಲ. ಬಕ್ಷೀಸು ಹಾಗಲ್ಲ, ಕೊಟ್ಟ ಮೇಲೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಕೊಡಲೇಬೇಕಾದರೆ ಆ ಒಂದು ಸಾಲು ಬರೆಸದೆ ಬೆರಳು ಮುಂದೆ ಮಾಡಬೇಡಿ.

ದಲ್ಲಾಳಿ ಬಂಧುಗಳಿಗೂ ಒಂದು ಮಾತು. ನಿಮ್ಮಲ್ಲಿ ಹೆಚ್ಚಿನವರು ದೊಡ್ಡ ಧಣಿಗಳಲ್ಲ. ಕಿರಾಣಿ ಅಂಗಡಿಯ ಪಕ್ಕದಲ್ಲಿ, ಝೆರಾಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತು ಎರಡು ಕಾಸು ಹೆಚ್ಚಿಗೆ ಗಳಿಸುವ ನಮ್ಮವರೇ. ನಾಳೆ ನಿಮಗೂ 60 ತುಂಬುತ್ತದೆ. ಅಂದು ಟೇಪು ಹಿಡಿದು ನಿಮ್ಮ ಪಡಸಾಲೆಗೆ ಬರುವವನು ನೀವು ಇಂದು ಹಾಕಿಕೊಟ್ಟ ಹಾದಿಯಲ್ಲೇ ಬರುತ್ತಾನೆ. ಹಿರಿಯರ ಸಹಾಯಕ್ಕೆಂದು 14567 ಎಂಬ ಉಚಿತ ಫೋನು ನಂಬರು ಇದೆ. ನೂರು ಜನ ಗಿರಾಕಿಗಳ ನಂಬರು ಇಟ್ಟುಕೊಂಡ ನಿಮ್ಮ ಮೊಬೈಲಿನಲ್ಲಿ ಇದೊಂದಕ್ಕೆ ಜಾಗವಿಲ್ಲವೇ?

ಕೊನೆಯ ಮಾತು ನಮ್ಮ ಎಲ್ಲ ವಾಚಕರಿಗೆ. ನಿಮ್ಮನ್ನೂ ಒಂದು ದಿನ ಸಾಕ್ಷಿ ಹಾಕಲು ಕರೆಯುತ್ತಾರೆ. ಚಹಾ ಬರುತ್ತದೆ, ಪೆನ್ನು ಬರುತ್ತದೆ. ಚಹಾ ಕುಡಿಯುವ ಮೊದಲು ಕಾಗದವನ್ನು ಪೂರ್ತಿ ಓದಿಸಿ ಕೇಳಿರಿ. ಕಟ್ಟೆಯ ಮೇಲೆ ಕುಳಿತ ಅಜ್ಜನನ್ನು, ಅಮ್ಮನನ್ನು ಮಗನಿಂದ ಹತ್ತು ಹೆಜ್ಜೆ ದೂರ ಕರೆದೊಯ್ದು ಮಾತನಾಡಿಸಿರಿ. ಇವರ ಊಟದ ಮಾತು ಬರೆದಿದ್ದೀರಾ ಎಂದು ಬಾಂಡ್ ಬರೆಯುವವನನ್ನು ಎಲ್ಲರೆದುರು ಕೇಳಿರಿ. ಬರೆದಿಲ್ಲವಾದರೆ ಸಹಿ ಹಾಕದೆ ಎದ್ದು ಬನ್ನಿರಿ.

ನಾವು ಹಾಗೆ ಎದ್ದು ಬರಲಿಲ್ಲ. ಆ ಕಾಗದದಲ್ಲಿ ನಮ್ಮ ಸಹಿ ಇಂದಿಗೂ ಇದೆ.